ಉಡಕ್ಕಾಗಿ ಇನ್ನೊಂದು ಸ್ನಾನ

ನಮ್ಮ ಮಾವನವರು ದಿನಾ ಬೆಳಿಗ್ಗೆ ಎರಡು ಸಲ ಸ್ನಾನ ಮಾಡುತ್ತಿದ್ದರು. ಮೊದಲನೆಯದು ಹನುಮಪ್ಪನ ಪೂಜೆಗೆ. ಎರಡನೆಯದು, ಉಡಕ್ಕೆ ಕೈಯಾರೆ ಮಿಡತೆ ತಿನ್ನಿಸಿದ್ದಕ್ಕೆ. ದೇವದುರ್ಗದಲ್ಲಿ ಗುಡಿಯ ಅರ್ಚಕರಾಗಿದ್ದ ಅವರಿಗೆ ಇದರಲ್ಲಿ ಸಂಕೋಚವೇನೂ ಇರಲಿಲ್ಲ. ಸಂಕಟವೆಲ್ಲ ನೀರು ಕಾಯಿಸುವ ಅತ್ತೆಯದು.

"ಅಲ್ರೀ, ತುಳಸಿ ಹಿಡಿಯೋ ಕೈಯಾಗ ಮಿಡತಿ ಹಿಡೀತೀರಲ್ಲ, ಏನರೆ ಅನಸ್ತದೋ ಇಲ್ಲೋ?"

"ಅನಸ್ತದ. ಅದಕ್ಕ ಇನ್ನೊಂದು ಸ್ನಾನ ಮಾಡ್ತೀನಲ್ಲ!"

ನಾನು ಸೊಸೆಯಾಗಿ ಬಂದಾಗ ಆ ಉಡ ಅಂಗಳದ ಹಗೇವಿನಲ್ಲಿತ್ತು. ಜೋಳ ತುಂಬುವುದು ಎಂದೋ ನಿಂತುಹೋಗಿದ್ದ, ನೆಲದೊಳಗಿನ ಕಣಜ ಅದು. ಪಕ್ಕದ ಬಂಡೆ ಬಿಸಿಯಾದೊಡನೆ ಹೊರಗೆ ಬಂದು ಮೈ ಚಪ್ಪಟೆ ಮಾಡಿ ಮಲಗುತ್ತಿತ್ತು. ಮಾವ ಬೆರಳಿನಿಂದ ಬಂಡೆ ತಟ್ಟಿದರೆ ಸೀಳುನಾಲಿಗೆ ಚಾಚುತ್ತ ಬಂದು ಅವರ ಅಂಗೈಯಿಂದಲೇ ತಿನ್ನುತ್ತಿತ್ತು. ನನಗಂತೂ ನೋಡಿದರೇ ಮೈ ಜುಮ್ಮೆನ್ನುತ್ತಿತ್ತು.

ನಿಜಾಮನ ಆಳ್ವಿಕೆಯ ಕೊನೆಯ ಗಲಾಟೆಯಲ್ಲಿ ನಾವು ಊರು ಬಿಟ್ಟು, ಉಡವನ್ನೂ ಕರೆದುಕೊಂಡು ರಾಯಚೂರಿನ ಬಾಡಿಗೆ ಮನೆಗೆ ಬಂದೆವು. ಹೊಸ ಜಾಗದಲ್ಲಿ ಅಂಜೀತೆಂದು ಮಾವ ಉಡವನ್ನು ಮುಚ್ಚಳದ ಪೆಟ್ಟಿಗೆಯಲ್ಲಿಟ್ಟು, ಬೆಚ್ಚಗಿರಲೆಂದು ಬಚ್ಚಲ ಒಲೆಯ ಪಕ್ಕ ಇರಿಸಿದರು. ಪ್ರೀತಿಯಿಂದಲೇ ಮಾಡಿದ್ದು. ಆದರೆ ಮುಚ್ಚಳ ಎತ್ತಿದರೆ ಸಾಕು, ಅದು ಗಂಟಲು ಉಬ್ಬಿಸಿ ಬುಸುಗುಟ್ಟುತ್ತಿತ್ತು, ಬಾಲದಿಂದ ಬಾರಿಸುತ್ತಿತ್ತು. ತಿನ್ನುವುದನ್ನೂ ಬಿಟ್ಟಿತು. ಒಂದು ದಿನ ಮಾವನ ಹೆಬ್ಬೆರಳನ್ನೇ ಕಚ್ಚಿತು.

"ಮಂಡಿನೋವಿನ ಎಣ್ಣಿ ಕಾಸೋನಿಗೆ ಕೊಟ್ಟುಬಿಡ್ರಿ ಆಚಾರ್ರ," ಎಂದರು ಮನೆ ಮಾಲೀಕರು. ಅತ್ತೆಯೂ ತಲೆಯಾಡಿಸಿದರು. ಉಡದ ಕೊಬ್ಬು ಕರಗಿಸುವ ಎಣ್ಣೆಯವನಿಗೆ ಕೊಡುವುದೆಂದರೆ ಕೊಲ್ಲಲು ಕೊಟ್ಟಂತೆಯೇ. ಮಾವ ಅವತ್ತು ಊಟ ಮಾಡಲಿಲ್ಲ.

ಮರುದಿನ ಅವರು ಕಾಳು ತುಂಬುವ ದೊಡ್ಡ ಗಡಿಗೆಯೊಂದರ ತಳ ಒಡೆದು, ಹಿತ್ತಲ ಬಿಸಿಲಲ್ಲಿ ಅಡ್ಡ ಮಲಗಿಸಿ, ಮೇಲೆ ಮಣ್ಣು ಒಟ್ಟಿದರು. ಮುಂದೊಂದು ಬಂಡೆ. ಆಮೇಲೆ ಉಡವನ್ನು ಪೆಟ್ಟಿಗೆಯಿಂದ ಅದರೊಳಗೆ ಬಿಟ್ಟರು. ಗಡಿಗೆಯ ಎರಡೂ ತುದಿ ತೆರೆದೇ ಇದ್ದವು. ಹಿತ್ತಲಿಗೆ ಗೋಡೆಯೂ ಇರಲಿಲ್ಲ.

"ಓಡಿ ಹೋದರ ಏನ್ ಮಾಡ್ತೀರಿ ಮಾವಾ?" ಎಂದೆ.

"ಹೋಗ್ಲಿ ಬಿಡವಾ. ದೇವದುರ್ಗದಾಗ ಅದನ್ನ ಯಾರು ಕಟ್ಟಿದ್ರು? ಹೋಗ್ಲಿಕ್ಕೆ ದಾರಿ ಇತ್ತು, ಅದಕ್ಕ ಅಂಜಿಕಿ ಇದ್ದಿಲ್ಲ. ನಾನು ದಾರಿ ಮುಚ್ಚಿ, ಮ್ಯಾಲೆ ಅದಕ್ಕ ಸಿಟ್ಟು ಬಂತಂತ ಬೈದೆ."

ಕೆಲವು ದಿನ ಬಾಲದ ತುದಿಯೂ ಕಾಣಲಿಲ್ಲ. ಮಾವ ಮಾತ್ರ ದಿನಾ ಬಂಡೆ ತಟ್ಟಿ ಕೂಡುತ್ತಿದ್ದರು. ಒಂದು ಬೆಳಿಗ್ಗೆ ಹಿತ್ತಲಿಂದ ಕೂಗು ಕೇಳಿತು: "ನೀರಿಡು! ಇನ್ನೊಂದು ಸ್ನಾನ ಅದ!"

ಮರುವರ್ಷ ದಸರೆಯ ಹೊತ್ತಿಗೆ ಜ್ವರ ಬಂದು ಮಾವ ತೀರಿಕೊಂಡರು. ನನಗೆ ಬಹಳ ದುಃಖವಾಯಿತು. ಉಡದ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ.

ಕರ್ಮಗಳೆಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಹಿತ್ತಲಿಗೆ ಹೋದರೆ, ಅತ್ತೆ ಮಡಿಸೀರೆಯಲ್ಲೇ ಬಂಡೆಯ ಮುಂದೆ ಕೂತಿದ್ದರು. ಮುಖ ಆ ಕಡೆ ತಿರುಗಿಸಿ ಕೈ ಮಾತ್ರ ಚಾಚಿದ್ದರು, ಬೆರಳಲ್ಲಿ ಮಿಡತೆ. ಉಡ ಬಹಳ ಹೊತ್ತು ನಾಲಿಗೆ ಆಡಿಸಿತು. ಆಮೇಲೆ ತಿಂದು ಒಳಗೆ ಹೋಯಿತು.

"ನೋಡ್ಕೋತ ಏನ್ ನಿಂತೀ ಗಂಗಾ?" ಎಂದರು ಅತ್ತೆ. ಕಣ್ಣು ಒರೆಸಿಕೊಳ್ಳಲಿಲ್ಲ, ಕೈ ಮೈಲಿಗೆಯಾಗಿತ್ತಲ್ಲ. "ಇನ್ನೊಂದು ಸ್ನಾನಕ್ಕ ನೀರಿಡು."