ಸ್ನಾನ ಮಾಡದೆ ಬನ್ನಿ

ಇಸ್ತ್ರಿ ಪೆಟ್ಟಿಗೆಯನ್ನು ಬದಿಗಿಟ್ಟು ಬೆವರು ಒರೆಸಿಕೊಳ್ಳುತ್ತಿದ್ದ ಅತ್ತೆಯ ಕಡೆಗೆ ಸೊಸೆ ಕೂಸನ್ನು ಎತ್ತಿ ನೀಡಿದಳು. ಅತ್ತೆ ಹಿಂದೆ ಸರಿದು, ಮಡಿಚಿಟ್ಟ ಅಂಗಿಗಳ ರಾಶಿಗೆ ತಾಗಿ ನಿಂತರು.

"ಬೇಡ ಕಣೆ, ಮೈಯೆಲ್ಲ ಬೆವರು."

"ನಿನ್ನೆ ಕೆಲಸ ಅಂದ್ರಿ, ಮೊನ್ನೆ ಕೆಮ್ಮು ಅಂದ್ರಿ. ಹೇಳಿಬಿಡಿ ಅತ್ತೆ, ನನ್ನ ಮಗು ಏನು ಮಾಡಿದೆ ನಿಮಗೆ?"

ಬೀದಿಯವರೆಲ್ಲ ಇಸ್ತ್ರಿಯಮ್ಮ ಎಂದು ಕರೆಯುವ ಆಕೆ ಆಗ ಬಾಯಿ ಬಿಟ್ಟರು. ತೊಡೆಸಂದಿನಲ್ಲಿ ಕಂದು ಮಚ್ಚೆ ಎದ್ದಿತ್ತು. ಹುಳುಕಡ್ಡಿ ಎಂದು ತಾವೇ ತೀರ್ಮಾನಿಸಿ, ಔಷಧಿ ಅಂಗಡಿಯವನು ಕೊಟ್ಟ ಟ್ಯೂಬು ಹಚ್ಚುತ್ತಿದ್ದರು. ಹಚ್ಚಿದಷ್ಟು ದಿನ ಮಂಕು, ಬಿಟ್ಟರೆ ಮತ್ತೆ ಹಬ್ಬುತ್ತಿತ್ತು. ಸೋಮವಾರದಿಂದ ಸೊಸೆ ಕೆಲಸಕ್ಕೆ ಹೋಗಬೇಕು, ಕೂಸು ಇವರ ಕೈಲಿ ಬೆಳೆಯಬೇಕು. ಅದಕ್ಕೂ ಅಂಟಿಬಿಟ್ಟರೆ?

"ಇಷ್ಟೇನಾ? ನಾನು ಇನ್ನೇನೇನೋ ಅಂದ್ಕೊಂಡಿದ್ದೆ. ನಡೀರಿ ಡಾಕ್ಟರ ಹತ್ರ."

ಚರ್ಮದ ಡಾಕ್ಟರಮ್ಮ ಮಚ್ಚೆಯನ್ನು ಮೆಲ್ಲಗೆ ಕೆರೆದು ಸೂಕ್ಷ್ಮದರ್ಶಕದಡಿ ನೋಡಿದರು. ಹುಳುಕಡ್ಡಿ ತರುವ ಶಿಲೀಂಧ್ರ ಇರಲಿಲ್ಲ. ಕೋಣೆ ಕತ್ತಲು ಮಾಡಿ ಒಂದು ನೇರಳೆ ದೀಪ ಹಿಡಿದರು. ಅಲ್ಲೂ ಏನೂ ಕಾಣಲಿಲ್ಲ.

"ಬರೋ ಮುಂಚೆ ಸ್ನಾನ ಮಾಡಿದ್ರಾ?"

"ಮಾಡದೆ ಬರ್ತೀನಾ? ಊರವರ ಬಟ್ಟೆಗೆ ಇಸ್ತ್ರಿ ಹಾಕೋಳು ನಾನು. ಸೋಪು ಹಾಕಿ ಉಜ್ಜಿ ಉಜ್ಜಿ ತೊಳೆದಿದೀನಿ."

"ಅಲ್ಲಿಗೂ ಒಂದು ಇಸ್ತ್ರಿ ಎಳೆದು ಬಂದಿಲ್ಲ, ನಮ್ಮ ಪುಣ್ಯ," ಎಂದಳು ಸೊಸೆ.

ಡಾಕ್ಟರಮ್ಮ ನಕ್ಕರು. "ನಾಡಿದ್ದು ಬನ್ನಿ. ಅಲ್ಲೀವರೆಗೂ ಆ ಜಾಗಕ್ಕೆ ನೀರೂ ಬೇಡ, ಟ್ಯೂಬೂ ಬೇಡ."

ಇಸ್ತ್ರಿಯಮ್ಮನಿಗೆ ಅದು ಪಥ್ಯಕ್ಕಿಂತ ಕಷ್ಟವಾಯಿತು. ಗಿರಾಕಿಗಳನ್ನು ಬಾಗಿಲಲ್ಲೇ ನಿಲ್ಲಿಸಿ, ಬಟ್ಟೆಯ ಗಂಟನ್ನು ಕೈ ಚಾಚಿ ಈಸಿಕೊಂಡರು.

ಎರಡನೇ ಸಲ ದೀಪ ಹಿಡಿದಾಗ ತೊಡೆಸಂದು ಹವಳದಂತೆ ಕೆಂಪಗೆ ಹೊಳೆಯಿತು.

"ಅಯ್ಯಯ್ಯೋ, ಇದೇನಮ್ಮಾ, ಕೆಂಡ!"

"ಹೆದರ್ಬೇಡಿ. ಇದು ಹುಳುಕಡ್ಡಿ ಅಲ್ಲ. ಅದಾಗಿದ್ರೆ ಅಂಚು ಉಬ್ಬಿ ಕೆಂಪಗಿರ್ತಿತ್ತು, ನಿಮ್ಮದು ಚಪ್ಪಟೆ. ಬೆವರು ನಿಲ್ಲೋ ಮಡಿಕೆಯಲ್ಲಿ ಬೆಳೆಯೋ ಒಂದು ಬ್ಯಾಕ್ಟೀರಿಯಾ ಇದು. ಅದು ಬಿಡೋ ಬಣ್ಣ ಈ ಬೆಳಕಿಗೆ ಹೀಗೆ ಹೊಳೆಯುತ್ತೆ. ಮೊನ್ನೆ ನೀವು ಆ ಬಣ್ಣಾನೇ ತೊಳೆದುಕೊಂಡು ಬಂದಿದ್ರಿ."

"ಹಾಗಾದ್ರೆ ಕೂಸು?"

"ಧಾರಾಳವಾಗಿ ಎತ್ಕೊಳ್ಳಿ. ಕೈ ತೊಳ್ಕೊಳ್ಳಿ, ನಿಮ್ಮ ಟವೆಲ್ಲು ಬೇರೆ ಇರಲಿ."

ಡಾಕ್ಟರಮ್ಮ ಅವರು ತಂದಿದ್ದ ಹಳೆಯ ಟ್ಯೂಬನ್ನು ಕಸದಬುಟ್ಟಿಗೆ ಹಾಕಿ ಬೇರೆ ಮುಲಾಮು ಬರೆದರು. ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಹೆಚ್ಚು, ರಕ್ತ ಪರೀಕ್ಷೆಯನ್ನೂ ಮಾಡಿಸಿ ಎಂದರು. ಸ್ನಾನದ ನಂತರ ಸಂದುಗಳನ್ನು ಚೆನ್ನಾಗಿ ಒಣಗಿಸಬೇಕು, ಸಡಿಲವಾದ ಹತ್ತಿ ಬಟ್ಟೆ ತೊಡಬೇಕು. ಹೊರಗೆ ಬಂದದ್ದೇ ತಡ, ಸೊಸೆ ಕೇಳುವ ಮೊದಲೇ ಅತ್ತೆ ಅವಳ ಕಂಕುಳಲ್ಲಿದ್ದ ಕೂಸನ್ನು ಕಸಿದುಕೊಂಡರು.

ಸೊಸೆ ಸೋಮವಾರ ಕೆಲಸಕ್ಕೆ ಹೋದಳು. ಇಸ್ತ್ರಿ ಅಂಗಡಿ ಈಗ ಕೂಸು ಮಲಗಿದ ಮೇಲೆ ತೆರೆಯುತ್ತದೆ.