ಗಾಯತ್ರಿಗೆ ದನಿ ಬಂದದ್ದು

ಚಿನ್ನದ ಗಣಿಯ ಊರಾದ ಹಟ್ಟಿಯ ಅಂಗನವಾಡಿಯೊಂದರಲ್ಲಿ ಖಾಸಿಂಬೀ ಇಪ್ಪತ್ತೆರಡು ವರ್ಷದಿಂದ ಟೀಚರು. ಮಸ್ಕಿಯ ತವರಲ್ಲಿ ಹತ್ತನೇ ಇಯತ್ತೆ ಮುಗಿಸಿದ್ದೇ ಅವಳ ಓದು. ಆದರೆ ಮೂರು ವರ್ಷದ ಕೂಸಿನ ಕೈಗೆ ಪಾಟಿಗಿಂತ ಹುಣಸೆಬೀಜ ಕೊಟ್ಟರೆ ಎಣಿಕೆ ಬೇಗ ಬರುತ್ತದೆ ಎಂಬುದನ್ನು ಯಾವ ತರಬೇತಿಯೂ ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಗಂಡ ದರ್ಜಿ, ಅವನು ಬಿಸಾಡಿದ ಚಿಂದಿಯಲ್ಲಿ ಅವಳು ಹೊಲಿದ ಗೊಂಬೆಗಳು ಒಂದು ಬುಟ್ಟಿ ತುಂಬ ಇದ್ದವು.

ಆ ಬುಟ್ಟಿಯ ಹತ್ತಿರ ಹೋಗಲು ಗಾಯತ್ರಿಗೆ ಮೂರು ವಾರ ಬೇಕಾಯಿತು. ನಾಲ್ಕು ತುಂಬಿದ ಹುಡುಗಿ. ಸೇರಿದಂದಿನಿಂದ ಒಂದು ಮಾತೂ ಆಡಿರಲಿಲ್ಲ. ಬಿದ್ದು ಮೊಣಕಾಲು ತರಚಿದಾಗಲೂ ಬಾಯಿ ಮುಚ್ಚಿಕೊಂಡೇ ಅತ್ತಿದ್ದಳು. ಅಂದು ಗೊಂಬೆಯೊಂದನ್ನು ತೊಡೆಯ ಮೇಲೆ ಮಲಗಿಸಿ, ಅದರ ಬಾಯಿಗೆ ಅಂಗೈ ಒತ್ತಿ ಪಿಸುಗುಟ್ಟಿದಳು: "ಸುಮ್ನಿರು. ಅಪ್ಪ ಮಕ್ಕೊಂಡಾನ."

ಅಪ್ಪ ಕುಡಿದು ಹೊಡೆಯುತ್ತಿರಬೇಕು ಎಂದುಕೊಂಡಳು ಖಾಸಿಂಬೀ. ಸಂಜೆ ಅಂಗನವಾಡಿಯ ಬಾಗಿಲು ಹಾಕಿ, ಅವನನ್ನು ಮನಸ್ಸಿನಲ್ಲೇ ಬೈದುಕೊಳ್ಳುತ್ತ ಹುಡುಗಿಯ ಮನೆಗೆ ಹೋದಳು. ಅಲ್ಲಿ ಕಂಡದ್ದು ಬೇರೆ. ಇರುವುದೇ ಒಂದು ಕೋಣೆ. ಗಣಿಯ ರಾತ್ರಿಪಾಳಿಗೆ ಹೋಗಬೇಕಾದ ಅಪ್ಪ ವಿರೇಶ ಕಣ್ಣಿಗೆ ಟವೆಲ್ ಕಟ್ಟಿಕೊಂಡು ಮಲಗಿದ್ದ. ಹೆಂಡತಿ ಹುಲಿಗೆಮ್ಮ ಹೊಸ್ತಿಲಾಚೆ ಕೂತು ಸಪ್ಪಳವಾಗದಂತೆ ಪಾತ್ರೆ ತಿಕ್ಕುತ್ತಿದ್ದಳು. ಬೈಯಲು ಅಲ್ಲಿ ಯಾರೂ ಇರಲಿಲ್ಲ.

ನನ್ನ ಹತ್ತಿರವಾದರೂ ಈ ಕೂಸು ಒದರಲಿ ಎಂದು ಖಾಸಿಂಬೀ ಹಟ ಹಿಡಿದಳು. ಬಸ್ಸಿನ ಆಟ ಶುರುವಾಯಿತು. ಚಾಪೆಯೇ ಬಸ್ಸು, ಗಾಯತ್ರಿಯೇ ಕಂಡಕ್ಟರು. ಅವಳು ಕೂಗದೆ ಬಸ್ಸು ಹೊರಡುವಂತಿಲ್ಲ. ಒಂದು ವಾರ ಬಸ್ಸು ಹೊರಡಲೇ ಇಲ್ಲ. ಕೂತವರೆಲ್ಲ ಜಗಳಾಡಿ ಇಳಿದು ಹೋದರು. ಹತ್ತನೇ ದಿನ "ಲಿಂಗಸೂಗೂರ್! ಲಿಂಗಸೂಗೂರ್!" ಎಂಬ ಕೂಗಿಗೆ ಅಡುಗೆಯ ಸಹಾಯಕಿ ಸೌಟು ಹಿಡಿದುಕೊಂಡೇ ಓಡಿ ಬಂದಳು. ಖಾಸಿಂಬೀ ಎಲ್ಲರಿಗೂ ಬೆಲ್ಲ ಹಂಚಿದಳು.

ಎರಡು ತಿಂಗಳ ಮೇಲೆ ಹುಲಿಗೆಮ್ಮ ಬಂದು ಬಾಗಿಲಲ್ಲಿ ನಿಂತಳು.

"ಟೀಚರ್ರ, ಮನ್ಯಾಗೂ ಬಸ್ ಬಿಡಾಕತ್ಯಾಳ್ರಿ. ಅವ್ರಿಗೆ ಕಣ್ಣು ಹತ್ತೂದ ಮಧ್ಯಾನ ಮೂರರ ಮ್ಯಾಲೆ. ಮೊನ್ನಿ ಕೆಲಸದಾಗ ತೂಕಡಿಸ್ಯಾರಂತ. ನೆಲದ ತೆಳಗ ಇಳಿಯೋ ಮನಿಷಾ, ಹಂಗ ಕಣ್ಣು ಮುಚ್ಚಿದ್ರ..." ಸೆರಗು ಬಾಯಿಗೆ ಹೋಯಿತು. "ನಿಮ್ಮ ಮಾತು ಕೇಳ್ತಾಳ. ಮತ್ತ ಸುಮ್ನ ಕುಂದ್ರೂದು ಕಲಸ್ರಿ."

"ಅವ್ರು ಏಳೂಮಟ ನಮ್ಮನಿಗೆ ಕರಕೊಂಡ ಹೋಗ್ತೀನಿ, ಬಿಡವಾ" ಎಂದಳು ಖಾಸಿಂಬೀ. ಒಂದು ವಾರ ಕರೆದೊಯ್ದಳು ಕೂಡ. ಲಕ್ವ ಹೊಡೆದು ಹಾಸಿಗೆ ಹಿಡಿದ ಅತ್ತೆಯನ್ನೂ ಅವ್ವನಿಗಾಗಿ ಅಳುವ ಹುಡುಗಿಯನ್ನೂ ಒಟ್ಟಿಗೆ ನೋಡಿಕೊಳ್ಳಲು ಆಗಲಿಲ್ಲ.

ಎಂಟನೇ ದಿನ ವಿರೇಶ ಮಗಳನ್ನು ಗುರುಗುಂಟಾದ ತನ್ನ ತಾಯಿಯ ಹತ್ತಿರ ಬಿಡಲು ಹೊರಟ. ಅಂಗನವಾಡಿಯ ಮುಂದೆ ಬೈಕು ನಿಲ್ಲಿಸಿ, "ನಿಮ್ದೇನ್ ತಪ್ಪಿಲ್ಲ ಬಿಡ್ರಿ" ಎಂದ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ತಿಂಗಳಾದ ಮೇಲೆ ಗುರುಗುಂಟಾದ ಅಂಗನವಾಡಿ ಟೀಚರಿಗೆ ಫೋನು ಮಾಡಿ ಹುಡುಗಿಯನ್ನು ವಿಚಾರಿಸಿದಳು.

"ಬಾಳ ಶ್ಯಾಣ್ಯಾ ಐತ್ರೀ ಅದು. ಕಿರಿಕಿರಿನ ಇಲ್ಲ. ಕುಂದ್ರಿಸಿದಲ್ಲೇ ಕುಂದರತೈತಿ, ಒಂದ್ ಮಾತಿಲ್ಲ."

"ಆಕಿನ್ನ ಬಸ್ಸಿನಾಟ ಆಡಸ್ರೀ. ಆಕಿನ್ನ ಕಂಡಕ್ಟರ್ ಮಾಡ್ರಿ."

ಆ ಕಡೆಯವಳು ನಕ್ಕಳು. "ಆತ್ರಿ, ನೋಡೂಣು. ಮೂವತ್ತು ಹುಡುಗ್ರು ಅದಾವ್ರಿ ಇಲ್ಲಿ."

ಒಮ್ಮೆ ತಾನೇ ಹೋಗಿ ನೋಡಿ ಬರಬೇಕೆಂದು ಖಾಸಿಂಬೀ ಪ್ರತಿ ಐತವಾರ ಅಂದುಕೊಳ್ಳುತ್ತಾಳೆ. ಅತ್ತೆಯನ್ನು ಬಿಟ್ಟು ಹೋಗುವುದು ಇನ್ನೂ ಆಗಿಲ್ಲ.