ಐನೂರ ಹತ್ತು ರೂಪಾಯಿಯ ಕೋಳಿ

ಹಣದ ವ್ಯಾಮೋಹ ನನಗಿಲ್ಲ ಎಂದು ನಲವತ್ತು ವರ್ಷದಿಂದ ಹೇಳಿಕೊಂಡು ಬಂದವಳು ನಾನು. ಅದು ರುಜುವಾತಾದದ್ದು ಮಾತ್ರ ಒಂದೇ ಸಲ, ಹೋದ ವರ್ಷ ಒಂದು ಕೋಳಿಗೆ ಐನೂರ ಹತ್ತು ರೂಪಾಯಿ ಕೊಟ್ಟ ದಿನ. ಆ ದುಡ್ಡಿಗೆ ಸಂತೆಯಲ್ಲಿ ಎಂಟು ಕೋಳಿ ಬರುತ್ತವೆ, ಹೊತ್ತು ತರಲು ಒಂದು ಕುಕ್ಕೆಯೂ ಬರುತ್ತದೆ. ನಗಬೇಡಿ. ಅಥವಾ ನಗಿ, ನಾನೂ ಇನ್ನೂ ನಗುತ್ತಲೇ ಇದ್ದೇನೆ.

ಮೈಸೂರಿನ ಕಾನ್ವೆಂಟಿನಲ್ಲಿ ಓದುವಾಗ ನಮ್ಮ ಸಿಸ್ಟರುಗಳು ಕಾಸು ಮುಟ್ಟಿದ ಕೈಯನ್ನು ಕೆಂಪು ಸೋಪು ಹಚ್ಚಿ ತೊಳೆಸುತ್ತಿದ್ದರು. ದುಡ್ಡಿನ ಮಾತೆತ್ತುವುದು ವೆರಿ ವಲ್ಗರ್! ಫೀಸು ತಡವಾದಾಗ ಮಾತ್ರ ಅದೇ ಮಾತನ್ನು ಬಹಳ ಸುಂದರವಾದ ಕೈಬರಹದಲ್ಲಿ ನಮ್ಮಪ್ಪನಿಗೆ ಬರೆದು ಕಳಿಸುತ್ತಿದ್ದರು. ಆ ನೀಲಿ ಶಾಯಿಯ ಅಕ್ಷರಗಳು ಈಗಲೂ ಕಣ್ಣ ಮುಂದಿವೆ. ಅಪ್ಪನೂ ಇಲ್ಲ, ಆ ಸಿಸ್ಟರುಗಳೂ ಇಲ್ಲ. ದುಡ್ಡು ಕೊಳಕು, ಆದರೆ ಅದಿಲ್ಲದೆ ಕೈ ತೊಳೆಯುವ ಸೋಪೂ ಬರುವುದಿಲ್ಲ ಎಂಬ ಈ ಗೊಂದಲವನ್ನೇ ಹೊತ್ತು ನಾನು ಶ್ರೀರಂಗಪಟ್ಟಣದಲ್ಲಿ ಟೀಚರಾಗಿ ದುಡಿದು, ರಿಟೈರಾಗಿ, ಕೆ.ಆರ್.ಪೇಟೆಯಲ್ಲಿ ಬಾಡಿಗೆ ಮನೆ ಹಿಡಿದೆ.

ಇಲ್ಲಿಯ ನಮ್ಮ ಪುಟ್ಟ ಚರ್ಚಿಗೆ ಒಬ್ಬರೇ ಶ್ರೀಮಂತರು, ಅಕ್ಕಿ ಗಿರಣಿಯ ಸಾಮ್ಯುಯೆಲಪ್ಪ. ಶ್ರೀಮಂತ ಪರಲೋಕ ಸೇರುವುದಕ್ಕಿಂತ ಮೊದಲು ಒಂಟೆಯೇ ಸೂಜಿಯ ಕಣ್ಣಿನಲ್ಲಿ ತೂರೀತು ಎಂಬ ವಿಚಾರ ಪಾದ್ರಿ ಅಯ್ಯನವರ ಪ್ರಸಂಗದಲ್ಲಿ ಬಂತೆಂದರೆ ಸಾಕು, ಎಲ್ಲರ ಕತ್ತೂ ಅವರತ್ತ ತಿರುಗುತ್ತದೆ. ಅವರು ಜಗ್ಗುವವರಲ್ಲ. ಜೆರುಸಲೇಮಿನಲ್ಲಿ ಸೂಜಿಕಣ್ಣು ಎಂಬ ಹೆಸರಿನ ಗಿಡ್ಡ ಬಾಗಿಲೊಂದಿತ್ತು, ಒಂಟೆ ಮಂಡಿಯೂರಿ ಆರಾಮಾಗಿ ಒಳಗೆ ಹೋಗುತ್ತಿತ್ತು ಎಂದು ಆಮೇಲೆ ಅಂಗಳದಲ್ಲಿ ಸಿಕ್ಕವರಿಗೆಲ್ಲ ವಿವರಿಸುತ್ತಾರೆ. ನಾನೂ ಇದನ್ನು ಎಲ್ಲೋ ಓದಿದ್ದೇನೆ. ಒಂಟೆಯನ್ನು ಸಣ್ಣದು ಮಾಡಲಾಗದವರು ಸೂಜಿಯನ್ನು ದೊಡ್ಡದು ಮಾಡಿದರು, ಅಷ್ಟೆ.

ಕೋಳಿಯ ವಿಷಯಕ್ಕೆ ಬಂದೆ. ಪ್ರತಿ ವರ್ಷ ಸುಗ್ಗಿಯ ಆರಾಧನೆಗೆ ನಮ್ಮವರು ಬೆಳೆದದ್ದರ ಮೊದಲ ಪಾಲನ್ನು ಚರ್ಚಿಗೆ ತರುತ್ತಾರೆ: ರಾಗಿ, ಕುಂಬಳಕಾಯಿ, ಅಚ್ಚುಬೆಲ್ಲ. ಬೆಲ್ಲದ ಹಿಂದೆಯೇ ಇರುವೆಗಳೂ ಬರುತ್ತವೆ. ಒಂದು ವರ್ಷ ಹಾರ್ಮೋನಿಯಂ ಒಳಗೇ ಸೇರಿಕೊಂಡಿದ್ದವು. ಆರಾಧನೆ ಮುಗಿದ ಮೇಲೆ ಅದನ್ನೆಲ್ಲ ಹರಾಜು ಹಾಕಿ ಬಂದ ಹಣವನ್ನು ಚರ್ಚಿಗೆ ಸೇರಿಸುವುದು ವಾಡಿಕೆ. ಬಲಗೈ ಕೊಟ್ಟದ್ದು ಎಡಗೈಗೂ ತಿಳಿಯಬಾರದೆಂದು ಒಳಗೆ ಕೇಳಿ ಬಂದವರೇ ಹೊರಗೆ ನಿಂತು ಬಸ್‌ಸ್ಟ್ಯಾಂಡಿಗೆ ಕೇಳಿಸುವಂತೆ ಕೂಗುತ್ತೇವೆ. ಹರಾಜು ಹಾಕುವ ದೇವಪ್ರಸಾದ ಬಸ್ ಕಂಡಕ್ಟರು, ಅವನಿಗೆ ಅದೊಂದೇ ಧಾಟಿ.

"ಯಾರ್ರೀ ಅದು ಇಂದೆ? ಬಾಯ್ ಬುಡ್ರಿ! ಒಂದು ನಿಂಬೆಅಣ್ಣು, ಐದ್ರೂಪಾಯಿ! ಐದಕ್ಕೆ ಯಾರೂ ಅತ್ತಾಕಿಲ್ವಾ?"

ಆ ದಿನ ಬೂಕನಕೆರೆಯಿಂದ ಮೊದಲ ಬಸ್ಸಿಗೇ ಬಂದ ಜ್ಞಾನಮ್ಮನ ಕಂಕುಳಲ್ಲಿ ಒಂದು ಕಪ್ಪು ಹ್ಯಾಟೆ ಕೋಳಿಯಿತ್ತು. ಜ್ಞಾನಮ್ಮ ಒಂಟಿ ಹೆಂಗಸು. ಆ ಕೋಳಿ ಇಟ್ಟ ಮೊಟ್ಟೆಯನ್ನು ಟೀ ಅಂಗಡಿಗೆ ಕೊಟ್ಟೇ ಅವಳ ಉಪ್ಪು, ಸೋಪು, ಸೀಮೆಎಣ್ಣೆ ನಡೆಯುತ್ತಿತ್ತು. ಅವಳ ಅಕ್ಕಿ ಗಿರಣಿ ಎಂದರೆ ಅದೇ. ಮಗಳ ಬಾಣಂತನ ಸುಸೂತ್ರವಾದರೆ ಕೋಳಿ ಕೊಡುತ್ತೇನೆಂದು ಹರಕೆ ಹೊತ್ತಿದ್ದಳಂತೆ, ತಂದು ಒಪ್ಪಿಸಿಬಿಟ್ಟಳು.

"ಕೋಳಿ ಒಳ್ಳೆ ಗಟ್ಟಿಯಾಗೈತೆ" ಎಂದು ಸಾಮ್ಯುಯೆಲಪ್ಪನವರು ಗಂಡಸರ ಸಾಲಿನಲ್ಲಿ ಹೇಳಿದ್ದು ನನ್ನ ಕಿವಿಗೆ ಬಿತ್ತು. ಮೈಯೆಲ್ಲ ಉರಿಯಿತು. ಈ ಮನುಷ್ಯನ ಭಾನುವಾರದ ಪಲಾವಿಗೆ ಜ್ಞಾನಮ್ಮನ ಬದುಕೇ ಹೋಗಬೇಕೆ? ಕೊಂಡು ಅವಳ ಕೈಗೇ ವಾಪಸ್ ಕೊಟ್ಟುಬಿಡುತ್ತೇನೆ ಎಂದುಕೊಂಡು ನಾನು ಅರವತ್ತು ಎಂದೆ. ಅವರು ಎಂಬತ್ತು ಎಂದರು. ನೂರು. ನೂರೈವತ್ತು. ಇನ್ನೂರು ದಾಟಿದ ಮೇಲೆ, ಫ್ರಾಂಕ್ಲಿ, ನನಗೆ ಜ್ಞಾನಮ್ಮ ಮರೆತೇ ಹೋದಳು. ಆಹಾ, ಏನು ಮಜಾ! ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಹೊಸ ಕನ್ನಡಕಕ್ಕೆಂದು ಕೂಡಿಟ್ಟಿದ್ದ ನಾನೂರು ಕರಗಿತು, ಆ ತಿಂಗಳ ಹಾಲಿನ ದುಡ್ಡೂ ಹೋಯಿತು, ಐನೂರ ಹತ್ತಕ್ಕೆ ಕೋಳಿ ನನ್ನದಾಯಿತು. ಜನ ಚಪ್ಪಾಳೆ ಹೊಡೆದರು. ಕೋಳಿ ನನ್ನ ಬಿಳಿ ಸೀರೆಯ ಮೇಲೆ ತನ್ನ ಅಭಿಪ್ರಾಯ ತಿಳಿಸಿತು.

ಸಾಮ್ಯುಯೆಲಪ್ಪನವರು ಹತ್ತಿರ ಬಂದರು. "ಏನ್ ಟೀಚರಮ್ಮ, ನಿಮ್ಗೆ ಡಾಕ್ಟ್ರು ಕೋಳಿ ಸಾರು ಕುಡೀರಿ ಅಂದವ್ರಂತೆ, ಸರಿ. ಅದ್ಕೆ ಈ ಹ್ಯಾಟೆನೇ ಆಗ್ಬೇಕಿತ್ತಾ?"

"ಸಾರೇ? ಕೊಯ್ಯೋಕೆ ಹೊರಟವರು ನೀವಲ್ಲವೇ?"

"ನಾನಾ? ಗ್ಯಾನಮ್ಮಂಗೆ ವಾಪಸ್ ಕೊಡವಾ ಅಂತ ಕೂಗ್ತಿದ್ನಲ್ಲಮ್ಮೋ!"

ಒಂದೇ ಒಳ್ಳೆಯ ಕೆಲಸಕ್ಕೆ ಎರಡು ಒಂಟೆಗಳು ಗುದ್ದಾಡಿದ್ದವು. ಇಬ್ಬರೂ ನಕ್ಕು ನಕ್ಕು ಕಣ್ಣೊರೆಸಿಕೊಂಡು, ಹೊಂಗೆ ಮರದ ಕೆಳಗೆ ಕೂತಿದ್ದ ಜ್ಞಾನಮ್ಮನ ಬಳಿ ಹೋಗಿ ಕೋಳಿಯನ್ನು ಮುಂದೆ ಹಿಡಿದೆವು. ಅವಳು ಕೈ ಹಿಂದಕ್ಕೆ ಕಟ್ಟಿಕೊಂಡಳು.

"ಏನ್ ಮಾತಾಡೀರಿ ಮಿಸ್ಸಮ್ಮ? ದೇವ್ರಿಗೆ ಕೊಟ್ಟಿದ್ದ ಇಂದಕ್ಕಿಸ್ಕಂಡ್ರೆ ನನ್ ಅರಕೆ ತೀರ್ದಂಗಾಯ್ತದಾ?"

"ಲೇ ಗ್ಯಾನಮ್ಮ, ಸುಮ್ನೆ ತಕೊಳೇ" ಎಂದರು ಸಾಮ್ಯುಯೆಲಪ್ಪ.

"ನೀವ್ ಸುಮ್ಕಿರಿ ಸಾವ್ಕಾರ್ರೆ. ಕೊಡಾದು ಅಂದ್ರೆ ಉಳ್ಳೋರ್ಗೆ ಮಾತ್ರ ಬರ್ಕೊಟ್ಟವ್ರಾ?"

ಕಾಣಿಕೆ ಪೆಟ್ಟಿಗೆಗೆ ತನ್ನಲ್ಲಿದ್ದ ಎರಡೇ ಕಾಸು ಹಾಕಿದ ಬಡ ವಿಧವೆಯ ಕಥೆಯನ್ನು ನಾನು ಎಷ್ಟು ವರ್ಷ ಮಕ್ಕಳಿಗೆ ಹೇಳಿದ್ದೇನೆ! ಅವಳನ್ನು ಕಂಡು ಸ್ವಾಮಿ ಮೆಚ್ಚಿದರು ನಿಜ; ಆ ಎರಡು ಕಾಸು ಎತ್ತಿಕೊಂಡು ‘ಪಾಪ, ನೀನೇ ಇಟ್ಟುಕೋ’ ಎಂದು ಯಾರೂ ಅವಳ ಹಿಂದೆ ಓಡಲಿಲ್ಲ. ಓಡಿದವಳು ನಾನೇ.

ಜ್ಞಾನಮ್ಮ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಕುಯ್ತೀರಾ ಇದ್ನ?"

"ಅಯ್ಯೋ, ಇಲ್ಲ."

"ಸಾಕ್ತೀರಾ?"

"ಸಾಕೋಕೆ ಬರೋದಿಲ್ಲ."

"ಮತ್ತೆ ಯಾಕ್ ತಕಂಡ್ರಿ?"

ಕೋಳಿ ನನ್ನ ತೋಳಿನಲ್ಲಿ ಒದ್ದಾಡುತ್ತಿತ್ತು, ಅದನ್ನು ನೋಡಲಾರದೆ ಅವಳೇ ಕೊನೆಗೆ ದಾರಿ ತೋರಿಸಿದಳು. "ಅಂಗಾರೆ ವಾರಕ್ಕೆ ಕೊಡಿ."

ಒಬ್ಬರ ಕುರಿಯನ್ನೋ ಕೋಳಿಯನ್ನೋ ಇನ್ನೊಬ್ಬರು ಸಾಕಿ, ಹುಟ್ಟಿದ ಮರಿಗಳನ್ನು ಸರಿಪಾಲು ಮಾಡಿಕೊಳ್ಳುವುದೇ ವಾರ. ಹರಕೆಯೂ ತೀರಿತು, ಕೋಳಿಯೂ ಊರಿಗೆ ಹೋಯಿತು, ಬಿಟ್ಟಿ ತಗೊಂಡಳೆಂಬ ಮಾತೂ ಬರಲಿಲ್ಲ. ಷರತ್ತು ಹಾಕಿದವಳು ಅವಳೇ: ಮುಂಗುಸಿ ಹಿಡಿದರೆ ನಷ್ಟ ಇಬ್ಬರದೂ, ಮೊಟ್ಟೆಯೆಲ್ಲ ಸಾಕುವವಳದು, ಪದೇ ಪದೇ ನೋಡಲು ಬಂದು ಕೋಳಿಯನ್ನು ಬೆದರಿಸಬಾರದು. ದಾನಿಯಾಗಲು ಹೋದವಳು ಜ್ಞಾನಮ್ಮನ ಪಾರ್ಟ್‌ನರ್ ಆಗಿ, ಅದೂ ಜೂನಿಯರ್ ಪಾರ್ಟ್‌ನರ್ ಆಗಿ, ಮಸುಕು ಕನ್ನಡಕದಲ್ಲೇ ಕುಣಿಯುತ್ತ ಮನೆಗೆ ಬಂದೆ. ಅಷ್ಟು ಹಗುರವಾಗಿ ನಾನು ಯಾವ ಭಾನುವಾರವೂ ನಡೆದಿರಲಿಲ್ಲ.

ಮೊನ್ನೆ ಕುಕ್ಕೆ ಹೊತ್ತು ಬಂದಳು. ಏಳು ಮರಿ. ಮೂರನ್ನು ತನ್ನ ಕಡೆಗೆ, ಮೂರನ್ನು ನನ್ನ ಕಡೆಗೆ ಸರಿಸಿ, ನನ್ನವನ್ನೂ ತಾನೇ ಸಾಕುತ್ತೇನೆಂದಳು. ಉಳಿದ ಒಂದು ಚಾಪೆಯ ನಡುವೆ ನಿಂತು ಕಿಚಿಪಿಚಿ ಎನ್ನುತ್ತಿತ್ತು.

"ಇದು ನೀನೇ ಇಟ್ಟುಕೊಳ್ಳಮ್ಮ" ಎಂದು ಬಾಯಿ ತೆರೆದವಳು ಅವಳ ಹುಬ್ಬು ನೋಡಿ ಮುಚ್ಚಿದೆ.

"ಇದು ದೇವ್ರುದು. ಬರೋ ಸುಗ್ಗಿಗೆ ಅರಾಜಿಗಾಕವಾ" ಎಂದಳು. ಆಮೇಲೆ ದನಿ ತಗ್ಗಿಸಿ, "ಆದ್ರೆ ಮಿಸ್ಸಮ್ಮ, ಅವತ್ತು ನೀವೂ ಸಾವ್ಕಾರ್ರೂ ವಸಿ ಬಾಯ್ ಮುಚ್ಕಂಡಿರಿ. ಬ್ಯಾರೇರೂ ಕೂಗ್ಲಿ."

ಆಗಲಿ ಎಂದೆ. ಸಾಮ್ಯುಯೆಲಪ್ಪನವರಿಗೂ ಹೇಳಿ ಕಳಿಸಿದ್ದೇನೆ. ಕೊಡುವ ಸಂತೋಷವನ್ನೆಲ್ಲ ನಾವಿಬ್ಬರೇ ಗಂಟು ಕಟ್ಟಿಕೊಂಡರೆ ಅದಕ್ಕಿಂತ ಜಿಪುಣತನ ಇನ್ನೇನಿದೆ, ಹೇಳಿ!